ಲಾಭದಲ್ಲಿ ಪಾಲು ಸರಿ, ಖರ್ಚು ಮಿತಿಮೀರಿದರೆ? ಆಸ್ಪತ್ರೆ ಕಟ್ಟಡ ಮತ್ತು ಐಪಿಡಿ ಒಪ್ಪಂದ

ಪ್ರಶ್ನೆ: ಧಾರವಾಡದ ಹತ್ತಿರ ನಮ್ಮ ಟ್ರಸ್ಟ್ 120 ಹಾಸಿಗೆಯ ಆಸ್ಪತ್ರೆ ಕಟ್ಟಿಸಲು ಹೊರಟಿದೆ. ಸುಮಾರು 1.1 ಲಕ್ಷ ಚದರ ಅಡಿ, ವೈದ್ಯಕೀಯ ಉಪಕರಣ ಬಿಟ್ಟು 58 ಕೋಟಿ ರೂಪಾಯಿ ಬಜೆಟ್. ಟೆಂಡರ್ ಕರೆಯುವುದು ಬೇಡ, ‘ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ’ (ಐಪಿಡಿ) ಪದ್ಧತಿಯಲ್ಲಿ ಹೋಗೋಣ ಎಂದು ಆರ್ಕಿಟೆಕ್ಟ್ ಹೇಳುತ್ತಿದ್ದಾರೆ. ಮಾಲೀಕರು, ಆರ್ಕಿಟೆಕ್ಟ್, ಗುತ್ತಿಗೆದಾರರು ಎಲ್ಲರೂ ಒಂದೇ ಒಪ್ಪಂದಕ್ಕೆ ಸಹಿ ಹಾಕುತ್ತಾರಂತೆ, ಲಾಭ ಹಂಚಿಕೊಳ್ಳುತ್ತಾರಂತೆ, ಒಬ್ಬರ ಮೇಲೊಬ್ಬರು ಕೇಸು ಹಾಕುವಂತಿಲ್ಲವಂತೆ. ಖರ್ಚು ಹೆಚ್ಚಾದರೆ ಅದು ಯಾರ ತಲೆಗೆ? ನಮ್ಮ ದೇಶದ ಕಾನೂನಿನಲ್ಲಿ ಇದು ನಡೆಯುತ್ತದೆಯೇ? ಸಹಿ ಹಾಕುವ ಮುಂಚೆ ನಾವು ಏನೇನು ಮಾಡಬೇಕು?

ಉತ್ತರ:

ಖರ್ಚು ಮಿತಿಮೀರಿದರೆ ಅದು ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ಇದನ್ನು ನಿಮ್ಮ ಆಡಳಿತ ಮಂಡಳಿಗೆ ಮೊದಲ ಸಭೆಯಲ್ಲೇ ಹೇಳಿಬಿಡಿ, ಏಕೆಂದರೆ ಐಪಿಡಿ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಈ ಪದ್ಧತಿಯಲ್ಲಿ ಗುತ್ತಿಗೆದಾರರೂ ವಿನ್ಯಾಸಕಾರರೂ ಪಣಕ್ಕಿಡುವುದು ತಮ್ಮ ಲಾಭವನ್ನು ಮಾತ್ರ. ಮಾಡಿದ ನಿಜವಾದ ಖರ್ಚು ಅವರಿಗೆ ಸಿಕ್ಕೇ ಸಿಗುತ್ತದೆ. ಇದಕ್ಕೆ ಬದಲಾಗಿ ನಿಮಗೆ ಸಿಗುವುದೇನು? ಅಡಿಪಾಯ ತೋಡಿದ ಮೇಲೆ ಗೊತ್ತಾಗುವ ತೊಂದರೆಗಳು ನಕ್ಷೆಯ ಹಂತದಲ್ಲೇ ಗೊತ್ತಾಗುತ್ತವೆ. ಆ ಅನುಕೂಲವನ್ನು ಪೂರ್ತಿ ಪಡೆದುಕೊಳ್ಳುವ ತಯಾರಿ ನಿಮ್ಮಲ್ಲಿದ್ದರೆ ಮಾತ್ರ ಈ ದಾರಿಗೆ ಬನ್ನಿ.

ಲೆಕ್ಕ ಹಾಕಿ ನೋಡೋಣ. 58 ಕೋಟಿಯನ್ನು ಗುರಿ ವೆಚ್ಚ, ಅಂದರೆ ಇಷ್ಟರಲ್ಲಿ ಮುಗಿಸೋಣ ಎಂದು ಎಲ್ಲರೂ ಒಪ್ಪಿದ ಒಟ್ಟು ಮೊತ್ತ, ಎಂದಿಟ್ಟುಕೊಳ್ಳಿ. ಇದರಲ್ಲಿ ನೇರ ಖರ್ಚು 50 ಕೋಟಿ: ಸಾಮಗ್ರಿ, ಕೂಲಿ, ಯಂತ್ರಗಳು, ಸೈಟ್ ಸಿಬ್ಬಂದಿ, ವಿನ್ಯಾಸಕಾರರ ಕಚೇರಿಯ ಸಂಬಳ ಖರ್ಚು, ಎಲ್ಲ ಸೇರಿ. ಅನಿಶ್ಚಿತತೆಗೆ ತೆಗೆದಿಟ್ಟ ಕಂಟಿಂಜೆನ್ಸಿ 3 ಕೋಟಿ. ಉಳಿದ 5 ಕೋಟಿ ಲಾಭದ ನಿಧಿ. ಇದರಲ್ಲಿ ಸಿವಿಲ್ ಗುತ್ತಿಗೆದಾರರಿಗೆ 3 ಕೋಟಿ, ವಿದ್ಯುತ್, ಪ್ಲಂಬಿಂಗ್, ಹವಾನಿಯಂತ್ರಣ ಮಾಡುವವರಿಗೆ 1.2 ಕೋಟಿ, ಆರ್ಕಿಟೆಕ್ಟ್‌ಗೆ 40 ಲಕ್ಷ, ಸ್ಟ್ರಕ್ಚರಲ್ ಮತ್ತು ಸರ್ವಿಸಸ್ ಕನ್ಸಲ್ಟೆಂಟರಿಗೆ 40 ಲಕ್ಷ.

ಲಾಭ ಬಿಟ್ಟು ಕಟ್ಟಡ 51 ಕೋಟಿಯಲ್ಲಿ ಮುಗಿದರೆ ಕಂಟಿಂಜೆನ್ಸಿಯಲ್ಲಿ 2 ಕೋಟಿ ಉಳಿಯಿತು. ಅರ್ಧರ್ಧ ಹಂಚಿಕೆ ಎಂದಾದರೆ ಲಾಭದ ನಿಧಿ 6 ಕೋಟಿ ಆಗುತ್ತದೆ, ನೀವು ಕೊಡುವುದು 57 ಕೋಟಿ. 55 ಕೋಟಿ ಆದರೆ ಕಂಟಿಂಜೆನ್ಸಿ ಪೂರ್ತಿ ಹೋಗಿ ಮೇಲೆ 2 ಕೋಟಿ ಹೆಚ್ಚಾಯಿತು. ಅದು ಲಾಭದ ನಿಧಿಯಿಂದ ಕಡಿತ, ನಿಧಿಯಲ್ಲಿ ಉಳಿದದ್ದು 3 ಕೋಟಿ, ನಿಮ್ಮ ಖರ್ಚು ಅದೇ 58. ಈಗ ಕೆಟ್ಟ ಪರಿಸ್ಥಿತಿ: ಖರ್ಚು 60 ಕೋಟಿ ಮುಟ್ಟಿತು ಎನ್ನಿ. ಹೆಚ್ಚಾದ 7 ಕೋಟಿಯಲ್ಲಿ 5 ಕೋಟಿ ಲಾಭದ ನಿಧಿಯನ್ನು ನುಂಗಿತು, ಉಳಿದ 2 ಕೋಟಿ ನಿಮ್ಮದು. ಅಲ್ಲಿಂದ ಮುಂದೆ ಪ್ರತಿ ರೂಪಾಯಿಯೂ ನಿಮ್ಮದೇ. ಅಷ್ಟೇ ಅಲ್ಲ, ಲಾಭ ಸೊನ್ನೆಯಾದ ತಂಡಕ್ಕೆ ಖರ್ಚು ಉಳಿಸುವ ಆಸಕ್ತಿಯೂ ಸೊನ್ನೆಯಾಗುತ್ತದೆ. ಐಪಿಡಿ ಯೋಜನೆಗಳು ಕೈತಪ್ಪುವುದು ಬಹುತೇಕ ಈ ಗಡಿ ದಾಟಿದ ಮೇಲೆಯೇ. ಹಾಗಾಗಿ ಲಾಭದ ನಿಧಿ ತೀರಾ ಸಣ್ಣದಿರಬಾರದು. 50 ಕೋಟಿಯ ಕೆಲಸಕ್ಕೆ ಒಂದೂವರೆ ಕೋಟಿ ಲಾಭ ಪಣಕ್ಕಿಡುತ್ತೇವೆ ಎಂದು ಯಾರಾದರೂ ಬಂದರೆ, ಉಳಿದ ಲಾಭವನ್ನು ರೇಟುಗಳಲ್ಲಿ ಬಚ್ಚಿಟ್ಟಿದ್ದಾರೆ ಎಂದೇ ತಿಳಿಯಿರಿ.

ಮೇಲಿನ ಲೆಕ್ಕದಲ್ಲಿ ಜಿಎಸ್‌ಟಿ ಸೇರಿಸಿಲ್ಲ. ಆರೋಗ್ಯ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಕಾಮಗಾರಿಯ ಮೇಲೆ ಕೊಟ್ಟ 18 ಶೇಕಡಾ ತೆರಿಗೆ ನಿಮಗೆ ವಾಪಸ್ ಬರುವುದಿಲ್ಲ, ಅದು ಶುದ್ಧ ಖರ್ಚು. ನಿಮ್ಮ 58 ಕೋಟಿಯೊಳಗೇ ತೆರಿಗೆಯೂ ಸೇರಿದ್ದರೆ ಕೆಲಸಕ್ಕೆ ಉಳಿಯುವುದು 49 ಕೋಟಿ ಚಿಲ್ಲರೆ ಮಾತ್ರ. ಕಟ್ಟಡ ಕಾರ್ಮಿಕರ ಕಲ್ಯಾಣದ 1 ಶೇಕಡಾ ಸೆಸ್ ಬೇರೆ. ಮಂಡಳಿ ನಿರ್ಣಯದಲ್ಲಿ ‘58 ಕೋಟಿ’ ಎಂದಷ್ಟೇ ಬರೆದಿದ್ದರೆ ಈ ವಾರವೇ ಅದನ್ನು ಬಿಡಿಸಿ ಬರೆಯಿರಿ.

ಹಾಗಾದರೆ ಇಡೀ ಕೆಲಸಕ್ಕೆ ಒಂದೇ ಮೊತ್ತ ಗೊತ್ತುಮಾಡುವ ಲಂಪ್‌ಸಮ್ ಗುತ್ತಿಗೆಯೇ ಕ್ಷೇಮವಲ್ಲವೇ ಎಂದು ನಿಮ್ಮ ಖಜಾಂಚಿ ಕೇಳಿಯೇ ಕೇಳುತ್ತಾರೆ. ಕಾಗದದ ಮೇಲೆ ಹೌದು. ಆದರೆ ಅರ್ಧಂಬರ್ಧ ನಕ್ಷೆಯ ಮೇಲೆ ಟೆಂಡರ್ ಕರೆದಾಗ ಕಡಿಮೆ ರೇಟು ಹಾಕಿದವರು ಆ ರೇಟಿನಲ್ಲಿ ನಿಮ್ಮ ಅಪಾಯವನ್ನು ಹೊತ್ತುಕೊಂಡಿರುವುದಿಲ್ಲ. ನಕ್ಷೆಯಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಗುರುತು ಮಾಡಿಕೊಂಡಿರುತ್ತಾರೆ. ಆಮೇಲೆ ಎಕ್ಸ್‌ಟ್ರಾ ಐಟಂ, ಡ್ರಾಯಿಂಗ್ ತಡವಾದದ್ದಕ್ಕೆ ಕ್ಲೇಮು, ಬೆಲೆ ಏರಿಕೆಯ ತಕರಾರು ಸಾಲಾಗಿ ಬರುತ್ತವೆ. ಅಪಾಯವನ್ನು ಬೇರೆಯವರ ಹೆಗಲಿಗೆ ಹಾಕಿದೆವು ಎಂಬ ಸಮಾಧಾನ ಮೂರನೆಯ ರನ್ನಿಂಗ್ ಬಿಲ್ಲಿನವರೆಗೆ ಇರುತ್ತದೆ.

ಈ ಪದ್ಧತಿ ಹೊರದೇಶಗಳಲ್ಲಿ ಬೆಳೆದದ್ದಕ್ಕೂ ಆಸ್ಪತ್ರೆಗಳಿಗೂ ಹತ್ತಿರದ ನಂಟಿದೆ. 1994ರ ನಾರ್ತ್‌ರಿಡ್ಜ್ ಭೂಕಂಪದ ನಂತರ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಆಸ್ಪತ್ರೆಗಳೆಲ್ಲ ಭೂಕಂಪ ತಡೆಯುವಂತಿರಬೇಕೆಂದು ಗಡುವು ಹಾಕಿ ಕಾನೂನು ತಂದಿತು. ಸಟರ್ ಹೆಲ್ತ್ ಎಂಬ ಆಸ್ಪತ್ರೆ ಸಂಸ್ಥೆಗೆ ಕ್ಯಾಸ್ಟ್ರೋ ವ್ಯಾಲಿಯ ಹಳೆಯ ಈಡನ್ ಆಸ್ಪತ್ರೆಯ ಜಾಗದಲ್ಲಿ 130 ಹಾಸಿಗೆಯ ಹೊಸ ಕಟ್ಟಡ ಬೇಕಿತ್ತು. ಬಜೆಟ್ 32 ಕೋಟಿ ಡಾಲರ್, ಗಡುವು 2013ರ ಆರಂಭ, ಒಂದು ದಿನವೂ ಮುಂದಕ್ಕೆ ಹೋಗುವಂತಿಲ್ಲ. ಅಲ್ಲಿ ಮಾಲೀಕರು, ಆರ್ಕಿಟೆಕ್ಟ್, ಮುಖ್ಯ ಗುತ್ತಿಗೆದಾರರು, ಎಂಜಿನಿಯರುಗಳು, ಮುಖ್ಯ ಉಪಗುತ್ತಿಗೆದಾರರು ಸೇರಿ 11 ಸಂಸ್ಥೆಗಳು ಒಂದೇ ಒಪ್ಪಂದಕ್ಕೆ ಸಹಿ ಹಾಕಿದವು. ಆಸ್ಪತ್ರೆ 2012ರ ಡಿಸೆಂಬರಿನಲ್ಲಿ ತೆರೆಯಿತು. ನೀವು ಗಮನಿಸಬೇಕಾದದ್ದು ಅಲ್ಲಿನ ಸಹಿಗಳ ಸಂಖ್ಯೆಯನ್ನಲ್ಲ, ಪೈಪು ಮತ್ತು ಡಕ್ಟು ಹಾಕುವವರು ನಕ್ಷೆ ಬರೆಯುವ ಕಾಲಕ್ಕೇ ಮೇಜಿನ ಮುಂದೆ ಕೂತಿದ್ದರು ಎಂಬುದನ್ನು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ 2007ರಲ್ಲಿ ಐಪಿಡಿ ಮಾರ್ಗದರ್ಶಿ ಪ್ರಕಟಿಸಿತು, ಕೆನಡಾ 2018ರಲ್ಲಿ ತನ್ನದೇ ಮಾದರಿ ಒಪ್ಪಂದ ತಂದಿತು. ನಿಮ್ಮ ಆರ್ಕಿಟೆಕ್ಟ್ ಇವುಗಳಲ್ಲಿ ಒಂದನ್ನು ಹೆಸರು ಬದಲಿಸಿ ನಿಮ್ಮ ಮುಂದಿಟ್ಟರೆ ಹಾಗೇ ಸಹಿ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ಸಹಿಗೆ ಮುಂಚಿನ ಮೂರು ತಿಂಗಳು

ಇಡೀ ಯೋಜನೆಯಲ್ಲಿ ಅತಿ ಮುಖ್ಯವಾದ ಅವಧಿ ಇದು. ಮುಖ್ಯ ಒಪ್ಪಂದಕ್ಕೆ ಮುಂಚೆ ಎಂಟರಿಂದ ಹನ್ನೆರಡು ವಾರದ ಒಂದು ಸಣ್ಣ ಒಪ್ಪಂದ ಮಾಡಿಕೊಳ್ಳಿ. ತಂಡದ ಪ್ರತಿಯೊಬ್ಬರಿಗೂ ಆ ಅವಧಿಯ ಖರ್ಚು ಮಾತ್ರ ಕೊಡಬೇಕು, ಲಾಭವಿಲ್ಲ. ಕೊನೆಗೆ ತಂಡ ಒಂದು ವರದಿ ಕೊಡಬೇಕು: ನೀವು ಕೇಳಿದ 120 ಹಾಸಿಗೆಯ ಆಸ್ಪತ್ರೆ 58 ಕೋಟಿಯಲ್ಲಿ ಆಗುತ್ತದೆಯೋ ಇಲ್ಲವೋ, ಆಗುವುದಾದರೆ ಯಾವ ಊಹೆಗಳ ಮೇಲೆ. ‘ಆಗುವುದಿಲ್ಲ’ ಎಂದರೆ ಬಾಕಿ ಚುಕ್ತಾ ಮಾಡಿ ನೀವು ಹೊರನಡೆಯಬಹುದು, ನಕ್ಷೆಗಳು ನಿಮ್ಮವೇ. ಇದಕ್ಕೆ ಒಟ್ಟು ವೆಚ್ಚದ 1 ಶೇಕಡಾದಷ್ಟು ತೆಗೆದಿಡಿ. ಕಟ್ಟಡ ಕಾಣಿಸದೆ ಅರವತ್ತು ಲಕ್ಷ ಹೋಯಿತಲ್ಲ ಎಂದು ಗೊಣಗುವವರು ಮಂಡಳಿಯಲ್ಲಿ ಇದ್ದೇ ಇರುತ್ತಾರೆ.

ಆ ಹಣ ಮೊದಲು ಹೋಗಬೇಕಾದದ್ದು ಮಣ್ಣಿಗೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಹೋದಂತೆ ಎರೆಭೂಮಿ. ನಿಮ್ಮ ಜಾಗ ಎರೆಯಾಗಿದ್ದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಎಷ್ಟು ಆಳಕ್ಕಿದೆ, ಕೆಳಗೆ ಗಟ್ಟಿ ಮೊರಂ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಅಡಿಪಾಯದ ಬಗೆಯೇ ನಿರ್ಧಾರವಾಗುತ್ತದೆ. ಎರೆ ಒಂದೂವರೆ ಮೀಟರಿಗೆ ಮುಗಿದರೆ ಪೂರ್ತಿ ತೆಗೆದು ಮೊರಂ ತುಂಬಿಸಬಹುದು. ನಾಲ್ಕೈದು ಮೀಟರಿದ್ದರೆ ಪೈಲ್, ಅಂದರೆ ಗಟ್ಟಿ ನೆಲದವರೆಗೆ ಇಳಿಸುವ ಕಾಂಕ್ರೀಟ್ ಕಂಬಗಳು, ಬೇಕು. ಪಿಟ್ ಒಂದು ತೋಡಿ ಕಣ್ಣಂದಾಜಿನಲ್ಲಿ ಹೇಳುವ ಮಾತಲ್ಲ ಇದು. ಕಟ್ಟಡದ ನಾಲ್ಕು ಮೂಲೆ, ನಡುವೆ ಒಂದೆರಡು, ನೀರಿನ ಸಂಪ್ ಮತ್ತು ಸಂಸ್ಕರಣಾ ಘಟಕ ಬರುವಲ್ಲಿ ಒಂದೊಂದು ಬೋರ್‌ಹೋಲ್ ಹಾಕಿಸಿ. ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆಂದು ತೋರಿಸುವ ಫ್ರೀ ಸ್ವೆಲ್ ಪರೀಕ್ಷೆಯ ಫಲ 50 ಶೇಕಡಾ ದಾಟಿದರೆ ಎಚ್ಚರ ಬೇಕು. ಉಬ್ಬುವ ಒತ್ತಡವನ್ನೂ ಅಳೆಯಿಸಿ, ಏಕೆಂದರೆ ಕಟ್ಟಡಕ್ಕೆ ಪೈಲ್ ಹಾಕಿ ನೆಲಮಹಡಿಯ ನೆಲವನ್ನು ಮಾತ್ರ ಎರೆಯ ಮೇಲೆಯೇ ಬಿಟ್ಟರೆ ಎರಡನೆಯ ಮಳೆಗಾಲಕ್ಕೆ ಕಾರಿಡಾರಿನ ಟೈಲ್ಸ್ ಎದ್ದು ನಿಲ್ಲುತ್ತವೆ, ಒಳಗೋಡೆಗಳು ಸೀಳುತ್ತವೆ. ಒಳಚರಂಡಿ ಪೈಪುಗಳ ಜೋಡಣೆ ಕಿತ್ತು ನೀರು ಸೋರಿ, ಆ ನೀರಿಗೆ ಮಣ್ಣು ಇನ್ನಷ್ಟು ಉಬ್ಬುತ್ತದೆ.

ಇದನ್ನು ಅಪಾಯದ ಪಟ್ಟಿಯಲ್ಲಿ ಬರೆಯುವ ಕ್ರಮ ಹೀಗೆ. ‘ಮಣ್ಣಿನ ಸಮಸ್ಯೆ’ ಎಂದು ಬರೆದರೆ ಉಪಯೋಗವಿಲ್ಲ. ‘ಎರೆ ಮೂರು ಮೀಟರಿಗಿಂತ ಆಳವಿದ್ದು ಪೈಲ್ ಬೇಕಾಗಬಹುದು, ಸಾಧ್ಯತೆ 40 ಶೇಕಡಾ, ಹೆಚ್ಚುವರಿ ಖರ್ಚು 90 ಲಕ್ಷ, ಹೆಚ್ಚುವರಿ ಕಾಲ ಆರು ವಾರ, ಹೊಣೆ ಸ್ಟ್ರಕ್ಚರಲ್ ಎಂಜಿನಿಯರ್, ಬೋರ್‌ಹೋಲ್ ವರದಿ ಬರುವ ಇಂಥ ತಾರೀಕಿಗೆ ತೀರ್ಮಾನ’ ಎಂದು ಬರೆಯಿರಿ. 90 ಲಕ್ಷದ 40 ಶೇಕಡಾ ಎಂದರೆ 36 ಲಕ್ಷ, ಅಷ್ಟು ಕಂಟಿಂಜೆನ್ಸಿಯಲ್ಲಿ ಇದರ ಪಾಲು. ವರದಿ ಬಂದ ದಿನ ಈ ಸಾಲು ಮುಚ್ಚಬೇಕು: ಪೈಲ್ ಬೇಕೆಂದಾದರೆ 90 ಲಕ್ಷ ನೇರ ಖರ್ಚಿಗೆ ಹೋಗುತ್ತದೆ, ಬೇಡವಾದರೆ 36 ಲಕ್ಷ ಬಿಡುಗಡೆಯಾಗುತ್ತದೆ. 120 ಹಾಸಿಗೆಯ ಆಸ್ಪತ್ರೆಗೆ ಇಂಥ ಮೂವತ್ತು ನಲವತ್ತು ಸಾಲುಗಳು ಸಾಕು. ಇನ್ನೂರು ಸಾಲಿನ ಪಟ್ಟಿಯನ್ನು ಯಾರೂ ಓದುವುದಿಲ್ಲ. ಒಟ್ಟು ಕಂಟಿಂಜೆನ್ಸಿ ಈ ಸಾಲುಗಳಿಂದ ಹುಟ್ಟಬೇಕು. ಮೊದಲೇ 5 ಶೇಕಡಾ ಎಂದು ಗೀಚಿ ಪಟ್ಟಿಯನ್ನು ಅದಕ್ಕೆ ಹೊಂದಿಸುವುದೇ ನಮ್ಮಲ್ಲಿ ರೂಢಿ, ಅದು ತಲೆಕೆಳಗಾದ ಲೆಕ್ಕ.

ಎರಡನೆಯ ದೊಡ್ಡ ಅಪಾಯ ಚಾವಣಿಯ ಕೆಳಗಿದೆ. ಆಸ್ಪತ್ರೆಗೂ ಕಾಲೇಜು ಕಟ್ಟಡಕ್ಕೂ ಇರುವ ವ್ಯತ್ಯಾಸವೇ ಇದು. ಮಹಡಿಯಿಂದ ಮಹಡಿಗೆ 3.9 ಮೀಟರ್ ಇಟ್ಟಿದ್ದಾರೆ ಎನ್ನಿ. ಸ್ಲ್ಯಾಬ್ ಸೇರಿ ಬೀಮಿನ ಆಳ 750 ಮಿಲಿಮೀಟರ್ ಹೋದರೆ ಬೀಮಿನಡಿ ಉಳಿಯುವುದು 3.15 ಮೀಟರ್. ಡಕ್ಟು 400, ಅದರ ಇನ್ಸುಲೇಷನ್ನು ಮತ್ತು ನೇತುಹಾಕುವ ಸರಂಜಾಮು 100, ಅದರಡಿ ದೀಪ ಮತ್ತು ಸೀಲಿಂಗಿಗೆ 150. ಕೊನೆಗೆ ನೆಲದಿಂದ ಫಾಲ್ಸ್ ಸೀಲಿಂಗಿಗೆ ಉಳಿದದ್ದು ಎರಡೂವರೆ ಮೀಟರ್. ಇನ್ನೂ ಸ್ಪ್ರಿಂಕ್ಲರ್ ಪೈಪು, ಆಕ್ಸಿಜನ್ ಲೈನು, ಕೇಬಲ್ ಟ್ರೇ ಲೆಕ್ಕಕ್ಕೇ ಬಂದಿಲ್ಲ. ಆಪರೇಷನ್ ಥಿಯೇಟರಿಗೆ 3 ಮೀಟರ್ ಸೀಲಿಂಗ್ ಬೇಕೆಂದು ಸರ್ಜನ್ ಹೇಳುವ ಹೊತ್ತಿಗೆ ಎರಡು ಸ್ಲ್ಯಾಬ್ ಬಿದ್ದಿರುತ್ತವೆ. ಆಗ ಬೀಮು ಕೊರೆಯುವ ಮಾತು ಶುರುವಾಗುತ್ತದೆ. ಡಕ್ಟು ಹಾಕುವ ಗುತ್ತಿಗೆದಾರರು ನಕ್ಷೆಯ ಹಂತದಲ್ಲಿದ್ದಿದ್ದರೆ ಮಹಡಿ ಎತ್ತರ 4.5 ಮೀಟರ್ ಆಗಲಿ ಎಂದೋ, ಕಾರಿಡಾರಿನಲ್ಲಿ ಬೀಮಿನ ಬದಲು ಚಪ್ಪಟೆ ಸ್ಲ್ಯಾಬ್ ಇರಲಿ ಎಂದೋ ಆಗಲೇ ಹೇಳಿರುತ್ತಿದ್ದರು. ಹಾಗಾಗಿ ಈ ಮೂರು ತಿಂಗಳಲ್ಲಿ ಕಂಪ್ಯೂಟರ್ ಮಾದರಿಯನ್ನು ಇಡೀ ಕಟ್ಟಡಕ್ಕೆ ಬೆಳೆಸುವ ಅಗತ್ಯವಿಲ್ಲ. ಒಂದು ಥಿಯೇಟರ್, ಐಸಿಯುವಿನ ಒಂದು ಬೇ, ಮುಖ್ಯ ಕಾರಿಡಾರಿನ ಒಂದು ತುಂಡು, ಪೈಪುಗಳು ಇಳಿಯುವ ಒಂದು ಶಾಫ್ಟ್, ಇಷ್ಟನ್ನು ಪೂರ್ತಿ ವಿವರವಾಗಿ ಮಾಡಿಸಿ.

ರೇಡಿಯಾಲಜಿ ಕೋಣೆಗಳನ್ನೂ ಇದೇ ಹೊತ್ತಿಗೆ ತೀರ್ಮಾನಿಸಬೇಕು. ಸಿಟಿ ಸ್ಕ್ಯಾನ್ ಕೋಣೆಯ ವಿನ್ಯಾಸಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಗೋಡೆಯ ದಪ್ಪ ಅದರ ಮೇಲೆ ನಿಂತಿದೆ. ಎಂಆರ್‌ಐ ಮ್ಯಾಗ್ನೆಟ್ ಹಲವು ಟನ್ ತೂಗುತ್ತದೆ, ಅದು ಒಳಬರುವ ದಾರಿಯ ನೆಲಕ್ಕೂ ಆ ಭಾರ ತಡೆಯುವ ಶಕ್ತಿ ಇರಬೇಕು, ಒಂದು ಗೋಡೆ ಕಟ್ಟದೆ ಬಿಡಬೇಕು, ಹೀಲಿಯಂ ಹೊರಹೋಗುವ ಪೈಪಿಗೆ ಚಾವಣಿಯವರೆಗೆ ದಾರಿ ಬೇಕು. ಯಂತ್ರದ ಕಂಪನಿ ಆಮೇಲೆ ನೋಡೋಣ ಎಂದು ಮುಂದೂಡುವುದು ಟ್ರಸ್ಟುಗಳ ಚಾಳಿ. ಕಂಪನಿ ಬದಲಾದರೆ ಕೋಣೆಯೇ ಬದಲಾಗುತ್ತದೆ.

ಲೆಕ್ಕದ ಪುಸ್ತಕ ತೆರೆದಿಡುವುದು

ಖರ್ಚು ಸಿಕ್ಕೇ ಸಿಗುತ್ತದೆ ಎಂದಾದಾಗ ಯಾವುದು ಖರ್ಚು ಎಂಬುದೇ ಒಪ್ಪಂದದ ಜೀವಾಳ. ಇಲ್ಲಿ ಗಂಟು ಬೀಳುವ ಜಾಗಗಳು ಬೇಕಾದಷ್ಟಿವೆ. ಟಿಎಂಟಿ ಕಬ್ಬಿಣದ ಬಿಲ್ಲು ಒಂದು ದರದಲ್ಲಿರುತ್ತದೆ, ತಿಂಗಳ ಕೊನೆಗೆ ವ್ಯಾಪಾರಿಯಿಂದ ಗುತ್ತಿಗೆದಾರರಿಗೆ ಕ್ರೆಡಿಟ್ ನೋಟು ಬರುತ್ತದೆ. ಆ ರಿಯಾಯಿತಿ ಯೋಜನೆಗೆ ಜಮಾ ಆಗಬೇಕು ಎಂದು ಬರೆಯದಿದ್ದರೆ ಅದು ಗುಪ್ತ ಲಾಭ. ಸೆಂಟ್ರಿಂಗ್ ಪ್ಲೇಟು, ಜಾಕು, ಬ್ಯಾಚಿಂಗ್ ಪ್ಲಾಂಟ್ ಗುತ್ತಿಗೆದಾರರ ಸ್ವಂತದ್ದಾಗಿದ್ದರೆ ತಿಂಗಳ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿ, ಒಟ್ಟು ಬಾಡಿಗೆ ಆ ವಸ್ತುವಿನ ಬೆಲೆಯ 70 ಶೇಕಡಾ ಮೀರುವಂತಿಲ್ಲ ಎಂದು ಮಿತಿ ಹಾಕಿ. ಇಲ್ಲವಾದರೆ ಎರಡು ವರ್ಷದ ಕೆಲಸದಲ್ಲಿ ಹಳೆಯ ಪ್ಲೇಟುಗಳಿಗೆ ನೀವು ಹೊಸದರ ಬೆಲೆ ಕೊಟ್ಟಿರುತ್ತೀರಿ. ಕೂಲಿ ಮೇಸ್ತ್ರಿಯ ಮೂಲಕ ಚದರ ಅಡಿ ಲೆಕ್ಕದಲ್ಲಿ ಹೋಗುವುದಾದರೆ ಮೇಸ್ತ್ರಿಗೆ ಸಂದಾಯವಾದ ಬ್ಯಾಂಕ್ ದಾಖಲೆಯೇ ಆಧಾರ, ಹಾಜರಿ ಪುಸ್ತಕ ಅಲ್ಲ. ಕಬ್ಬಿಣದ ವೇಸ್ಟೇಜ್ 3 ಶೇಕಡಾ ದಾಟಿದರೆ ಕಾರಣ ಕೊಡಬೇಕು. ಹೆಡ್ ಆಫೀಸ್ ಖರ್ಚನ್ನು ಶೇಕಡಾವಾರು ಕೊಡದೆ ನಿಗದಿತ ಮೊತ್ತವಾಗಿ ಕಟ್ಟಿಹಾಕಿ, ಇಲ್ಲವಾದರೆ ಖರ್ಚು ಹೆಚ್ಚಾದಷ್ಟೂ ಅವರಿಗೆ ಅನುಕೂಲ. ಆರ್ಕಿಟೆಕ್ಟ್ ಕಚೇರಿಯ ಗಂಟೆ ಲೆಕ್ಕಕ್ಕೂ ಮೇಲ್ಮಿತಿ ಇರಲಿ. ಕಾಸ್ಟ್ ಎಂಜಿನಿಯರ್ ಒಬ್ಬರನ್ನು ನೀವೇ ನೇಮಿಸಿ, ಅವರು ತಂಡದ ಯಾರಿಗೂ ಬಂಧುವಾಗಿರಬಾರದು.

ಬಹಳ ಜನ ಗಮನಿಸದ ಸಂಗತಿ ಒಂದಿದೆ. ಕಟ್ಟುವಾಗ ತಪ್ಪಾಗಿ ಒಡೆದು ಮತ್ತೆ ಕಟ್ಟಿದರೆ ಆ ಖರ್ಚೂ ಐಪಿಡಿಯಲ್ಲಿ ಯೋಜನೆಯ ಖರ್ಚೇ. ಲಂಪ್‌ಸಮ್‌ನಲ್ಲಿ ಅದು ಗುತ್ತಿಗೆದಾರರ ನಷ್ಟ, ಇಲ್ಲಿ ಕಂಟಿಂಜೆನ್ಸಿಯಿಂದ ಹೋಗುತ್ತದೆ. ಇದನ್ನು ಒಪ್ಪಲೇಬೇಕು, ಏಕೆಂದರೆ ತಪ್ಪನ್ನು ಪ್ಲಾಸ್ಟರಿನಡಿ ಮುಚ್ಚದೆ ತಕ್ಷಣ ಹೇಳಿಕೊಳ್ಳಬೇಕಾದರೆ ಹೇಳಿದವರಿಗೆ ದಂಡ ಇರಬಾರದು. ಆದರೆ ಬೇಕೆಂದೇ ಮಾಡಿದ ಉಲ್ಲಂಘನೆ, ಒಪ್ಪಿದ ನಕ್ಷೆಯನ್ನು ತಿಳಿದೂ ಮೀರಿದ್ದು, ಕಟ್ಟಡ ಹಸ್ತಾಂತರವಾದ ಮೇಲಿನ ದೋಷ ದುರಸ್ತಿ, ಈ ಮೂರು ಅವರ ಸ್ವಂತ ಖರ್ಚು ಎಂದು ಪ್ರತ್ಯೇಕವಾಗಿ ಬರೆಸಿ.

ಹಾಗೆಯೇ ನಿಮ್ಮ ಕಡೆಯ ಬದಲಾವಣೆಗಳು ಕಂಟಿಂಜೆನ್ಸಿಯನ್ನು ಮುಟ್ಟುವಂತಿಲ್ಲ. ಡಯಾಲಿಸಿಸ್ ಘಟಕ ಸೇರಿಸಿ ಎಂದು ಮಂಡಳಿ ಹೇಳಿದರೆ ಗುರಿ ವೆಚ್ಚವೇ ಏರುತ್ತದೆ. ಇದಕ್ಕಾಗಿ 58 ಕೋಟಿಯ ಹೊರಗೆ ನಿಮ್ಮದೇ ಒಂದು ಮೀಸಲು, ಕಡಿಮೆಯೆಂದರೂ 3 ಕೋಟಿ, ಟ್ರಸ್ಟಿನ ಖಾತೆಯಲ್ಲಿ ಇರಲಿ. ಆಸ್ಪತ್ರೆ ಕಟ್ಟಡಗಳಲ್ಲಿ ಬಜೆಟ್ ಒಡೆಯುವುದು ಸಿಮೆಂಟಿನ ಬೆಲೆಯಿಂದಲ್ಲ, ಹೊಸದಾಗಿ ಸೇರಿದ ಡಾಕ್ಟರು ಬಂದು ಕೋಣೆ ಹೀಗಿರಬೇಕಿತ್ತು ಎನ್ನುವುದರಿಂದ. ಪ್ರತಿ ಕೋಣೆಗೆ ಒಂದು ಹಾಳೆ ಮಾಡಿ: ಅಳತೆ, ಹಾಸಿಗೆ, ಪ್ಲಗ್ ಪಾಯಿಂಟು, ಗ್ಯಾಸ್ ಔಟ್‌ಲೆಟ್, ಬಾಗಿಲಿನ ಅಗಲ, ಗಾಳಿಯ ಬದಲಾವಣೆ. ಆ ವಿಭಾಗದ ಮುಖ್ಯಸ್ಥರಿಂದ ಸಹಿ ಹಾಕಿಸಿ. ಆಮೇಲಿನ ಬದಲಾವಣೆಗೆ ಖರ್ಚು ಮತ್ತು ದಿನಗಳ ಲೆಕ್ಕ ಬರೆದು ಮಂಡಳಿಯ ಮುಂದಿಟ್ಟರೆ ಅರ್ಧಕ್ಕರ್ಧ ಬೇಡಿಕೆಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ದಿನನಿತ್ಯದ ತೀರ್ಮಾನಕ್ಕೆ ಮೂವರ ತಂಡ ಸಾಕು: ನಿಮ್ಮ ಪ್ರತಿನಿಧಿ, ಆರ್ಕಿಟೆಕ್ಟ್, ಮುಖ್ಯ ಗುತ್ತಿಗೆದಾರರು. ನಿಮ್ಮ ಪ್ರತಿನಿಧಿಗೆ ಒಂದು ಮೊತ್ತದವರೆಗೆ, 10 ಲಕ್ಷ ಎನ್ನೋಣ, ಅಲ್ಲೇ ಒಪ್ಪುವ ಅಧಿಕಾರ ಇರಬೇಕು. ‘ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ’ ಎನ್ನುವ ಪ್ರತಿನಿಧಿ ಇದ್ದರೆ ಐಪಿಡಿ ಬೇಡ, ಟೆಂಡರ್ ಕರೆಯಿರಿ. ಮೂವರಲ್ಲಿ ಒಮ್ಮತವಾಗದಿದ್ದರೆ ಏಳು ದಿನದಲ್ಲಿ ಸಂಸ್ಥೆಗಳ ಮುಖ್ಯಸ್ಥರ ಮುಂದೆ ಹೋಗಬೇಕು. ಅಲ್ಲೂ ಆಗದಿದ್ದರೆ ಮಾಲೀಕರ ಆದೇಶವೇ ಅಂತಿಮ, ಆದರೆ ಅದರಿಂದ ಬೀಳುವ ಖರ್ಚು ಗುರಿ ವೆಚ್ಚಕ್ಕೆ ಸೇರುತ್ತದೆ.

ಸೈಟಿನ ವಾರದ ಯೋಜನೆಗೆ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ರೂಪಿಸಿದ ‘ಲಾಸ್ಟ್ ಪ್ಲಾನರ್’ ಕ್ರಮ ಚೆನ್ನಾಗಿ ಒಗ್ಗುತ್ತದೆ. ಆರು ವಾರ ಮುಂದೆ ನೋಡಿ ಪ್ರತಿ ಕೆಲಸಕ್ಕೆ ಅಡ್ಡಿ ಏನೆಂದು ಬರೆಯುವುದು, ಅಡ್ಡಿ ತೀರಿದ ಕೆಲಸಗಳನ್ನು ಮಾತ್ರ ಬರುವ ವಾರಕ್ಕೆ ಒಪ್ಪಿಕೊಳ್ಳುವುದು, ವಾರದ ಕೊನೆಗೆ ಒಪ್ಪಿದ್ದರಲ್ಲಿ ಎಷ್ಟು ಪೂರ್ತಿ ಮುಗಿಯಿತೆಂದು ಶೇಕಡಾದಲ್ಲಿ ನೋಡುವುದು. ಮೊದಲ ವಾರಗಳಲ್ಲಿ ಅರ್ಧದ ಆಸುಪಾಸು ಬಂದರೆ ಗಾಬರಿ ಬೇಡ. ಮೂರು ತಿಂಗಳಾದರೂ 70 ದಾಟದಿದ್ದರೆ, ಮುಗಿಯದ ಕೆಲಸಗಳ ಕಾರಣಗಳನ್ನು ಓದಿ. ಅಲ್ಲಿ ‘ಕೂಲಿ ಆಳು ಇಲ್ಲ’ ಎಂಬುದಕ್ಕಿಂತ ‘ಡ್ರಾಯಿಂಗ್ ಬಂದಿಲ್ಲ’, ‘ಮಾಲೀಕರ ತೀರ್ಮಾನ ಬಾಕಿ’ ಎಂಬುದೇ ಹೆಚ್ಚಾಗಿ ಕಾಣುತ್ತದೆ.

ಕಾನೂನು, ತೆರಿಗೆ, ವಿಮೆ

ನಿಮ್ಮದು ಖಾಸಗಿ ಟ್ರಸ್ಟ್ ಆದ್ದರಿಂದ ಗುತ್ತಿಗೆದಾರರನ್ನು ಅರ್ಹತೆ ನೋಡಿ ಆರಿಸಲು ಅಡ್ಡಿಯಿಲ್ಲ. ಸರ್ಕಾರಿ ಅನುದಾನ ಬರುವುದಾದರೆ ಅದರ ಷರತ್ತು ಓದಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕ್ರಮದಲ್ಲೇ ಟೆಂಡರ್ ಕರೆಯಬೇಕೆಂದು ಅದರಲ್ಲಿದ್ದರೆ ಈ ಚರ್ಚೆಯೇ ಮುಗಿಯಿತು.

ಕೇಸು ಹಾಕುವಂತಿಲ್ಲ ಎಂಬ ಕಲಮು ವಿದೇಶಿ ಮಾದರಿಗಳ ಹೃದಯಭಾಗ. ನಮ್ಮ ಕರಾರು ಅಧಿನಿಯಮ, 1872ರ 28ನೇ ಕಲಮು, ಒಬ್ಬರು ತಮ್ಮ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳುವುದನ್ನು ಸಂಪೂರ್ಣವಾಗಿ ತಡೆಯುವ ಕರಾರು ಆ ಮಟ್ಟಿಗೆ ಶೂನ್ಯ ಎನ್ನುತ್ತದೆ. ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪುವುದಕ್ಕೆ ವಿನಾಯಿತಿ ಇದೆ. ಆದ್ದರಿಂದ ‘ಕೋರ್ಟಿಗೆ ಹೋಗುವಂತಿಲ್ಲ’ ಎಂದು ಬರೆಯುವ ಬದಲು ಯಾವ ಯಾವ ಹೊಣೆ ಹುಟ್ಟುವುದೇ ಇಲ್ಲ ಎಂದು ಬರೆಯಬೇಕು: ಪರಸ್ಪರ ವಿಳಂಬದ ಪರಿಹಾರ, ಒಪ್ಪಿದ ಮಿತಿಯೊಳಗಿನ ವಿನ್ಯಾಸದ ಲೋಪ, ಪರೋಕ್ಷ ನಷ್ಟ ಇತ್ಯಾದಿ. ವಂಚನೆ, ಬೇಕೆಂದೇ ಮಾಡಿದ ಉಲ್ಲಂಘನೆ, ಮೂರನೆಯವರಿಗಾದ ಗಾಯ, ಹಣ ಕೊಡದಿರುವುದು, ವಿಮೆಯಿಂದ ಸಿಗುವ ಪರಿಹಾರ ಇವು ಹೊರಗಿರಲಿ. ಉಳಿದ ವಿವಾದಗಳಿಗೆ ಮಧ್ಯಸ್ಥಿಕೆ.

ಇದಕ್ಕಿಂತ ಸೂಕ್ಷ್ಮವಾದದ್ದು ತೆರಿಗೆ. ಹಲವರು ಸೇರಿ ಒಂದು ಕೆಲಸ ಮಾಡಿ ಲಾಭ ಹಂಚಿಕೊಂಡರೆ ಆದಾಯ ತೆರಿಗೆ ಇಲಾಖೆ ಅವರನ್ನು ‘ವ್ಯಕ್ತಿಗಳ ಸಂಘ’ ಎಂದು ಒಂದೇ ಘಟಕವಾಗಿ ನೋಡಬಹುದು. ಗುತ್ತಿಗೆ ಒಕ್ಕೂಟಗಳ ಬಗ್ಗೆ ಕೇಂದ್ರ ನೇರ ತೆರಿಗೆ ಮಂಡಳಿ 2016ರ 7ನೇ ಸುತ್ತೋಲೆಯಲ್ಲಿ ಹೀಗೆ ನೋಡದಿರಲು ಕೆಲವು ಷರತ್ತು ಹಾಕಿತು. ಅದರಲ್ಲೊಂದು, ಪ್ರತಿ ಸದಸ್ಯರೂ ತಮ್ಮ ಪಾಲಿನ ಕೆಲಸದ ಲಾಭ ನಷ್ಟವನ್ನು ಮಾತ್ರ ಹೊರಬೇಕು ಎಂಬುದು. ಐಪಿಡಿಯ ಮೂಲ ತತ್ವವೇ ಇದಕ್ಕೆ ತದ್ವಿರುದ್ಧ. ಹಾಗಾಗಿ 11 ಸಹಿಯ ಒಂದೇ ಒಪ್ಪಂದವನ್ನು ಧಾರವಾಡಕ್ಕೆ ತರಬೇಡಿ ಎಂಬುದೇ ನನ್ನ ಸಲಹೆ. ಪ್ರತಿಯೊಬ್ಬರೊಂದಿಗೆ ನಿಮ್ಮದು ಪ್ರತ್ಯೇಕ ಒಪ್ಪಂದ ಇರಲಿ. ಎಲ್ಲಕ್ಕೂ ಮೇಲೆ ಒಂದು ಸಮನ್ವಯ ಕರಾರು: ತೀರ್ಮಾನದ ಕ್ರಮ, ತೆರೆದ ಲೆಕ್ಕ, ಅಪಾಯದ ಪಟ್ಟಿ ಅದರಲ್ಲಿ. ಲಾಭದ ಅಂಶವನ್ನು ಅವರವರೊಳಗೆ ಹಂಚಿಕೊಳ್ಳುವ ನಿಧಿಯಾಗಿ ಮಾಡದೆ, ಒಟ್ಟು ಯೋಜನೆಯ ಫಲಿತಾಂಶ ನೋಡಿ ನೀವು ಪ್ರತಿಯೊಬ್ಬರಿಗೂ ಕೊಡುವ ಪ್ರೋತ್ಸಾಹ ಶುಲ್ಕವಾಗಿ ಬರೆಯಿಸಿ. ಲೆಕ್ಕ ಮೇಲಿನಂತೆಯೇ ಬರುತ್ತದೆ, ಕಾನೂನಿನ ರೂಪ ಬೇರೆಯಾಗುತ್ತದೆ. ಕರಡನ್ನು ವಕೀಲರಿಗೆ ತೋರಿಸುವ ಮುಂಚೆಯೇ ಲೆಕ್ಕಪರಿಶೋಧಕರಿಗೆ ತೋರಿಸಿ.

ಸಾಮಗ್ರಿ ಪೂರೈಸುವವರಲ್ಲಿ ಸಣ್ಣ ಉದ್ದಿಮೆಗಳಿದ್ದರೆ ಎಂಎಸ್‌ಎಂಇ ಕಾನೂನಿನ ಪ್ರಕಾರ 45 ದಿನ ಮೀರದಂತೆ ಹಣ ಹೋಗಬೇಕು. ನಿಮ್ಮ ಬಿಲ್ ಪಾಸಾಗುವ ಚಕ್ರವನ್ನು ಅದಕ್ಕೆ ತಕ್ಕಂತೆ ಕಟ್ಟಿ.

ವಿಮೆಯಲ್ಲಿ ಒಂದು ಬಿರುಕಿದೆ. ಆರ್ಕಿಟೆಕ್ಟ್ ಮತ್ತು ಎಂಜಿನಿಯರರ ವೃತ್ತಿ ವಿಮೆ ಕೆಲಸ ಮಾಡುವುದು ಅವರ ಮೇಲೆ ಕಾನೂನಿನ ಹೊಣೆ ಸಾಬೀತಾದಾಗ. ಪರಸ್ಪರ ಹೊಣೆಯನ್ನೇ ಬಿಟ್ಟುಕೊಟ್ಟರೆ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಆದ್ದರಿಂದ ಸಹಿಗೆ ಮುಂಚೆ ಕರಾರಿನ ಕರಡನ್ನು ವಿಮಾ ಕಂಪನಿಗೆ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ಕಟ್ಟಡ ಕಾಮಗಾರಿಯ ಆಲ್ ರಿಸ್ಕ್ ಪಾಲಿಸಿಯನ್ನು ನಿಮ್ಮ ಹೆಸರಿನಲ್ಲೇ, ಎಲ್ಲರನ್ನೂ ಸೇರಿಸಿ ತೆಗೆದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ವಿನ್ಯಾಸ ದೋಷ ಹೊರಗಿರುತ್ತದೆ, ಅದಕ್ಕೆ ಹೆಚ್ಚುವರಿ ಕವರ್ ಕೇಳಿ ಹಾಕಿಸಬೇಕು. ಬ್ಯಾಂಕಿನವರು ಗುರಿ ವೆಚ್ಚ ಎಂದರೆ ಹುಬ್ಬೇರಿಸುತ್ತಾರೆ. ಅವರಿಗೆ ಬೇಕಾದದ್ದು ಮೇಲ್ಮಿತಿ, ಹಾಗಾಗಿ 58 ಕೋಟಿಯ ಜೊತೆ ನಿಮ್ಮ 3 ಕೋಟಿ ಮೀಸಲನ್ನೂ ಅಪಾಯದ ಪಟ್ಟಿಯನ್ನೂ ಮುಂದಿಡಿ.

ಕಟ್ಟಡ ಮುಗಿದ ದಿನ ಆಸ್ಪತ್ರೆ ಮುಗಿದಂತಲ್ಲ ಎಂಬುದಕ್ಕೆ ಲಂಡನ್ ಹೀಥ್ರೋದ ಐದನೆಯ ಟರ್ಮಿನಲ್ ನೋಡಿ. ಅಲ್ಲಿ ವಿಮಾನ ನಿಲ್ದಾಣದ ಮಾಲೀಕ ಸಂಸ್ಥೆಯೇ ಅಪಾಯವನ್ನೆಲ್ಲ ತಾನು ಹೊತ್ತು, ಗುತ್ತಿಗೆದಾರರನ್ನು ಒಂದು ತಂಡವಾಗಿ ಕಟ್ಟಿ, 4.3 ಬಿಲಿಯನ್ ಪೌಂಡಿನ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿತು. 2008ರ ಮಾರ್ಚ್ 27ರಂದು ತೆರೆದ ದಿನವೇ ಲಗೇಜು ವ್ಯವಸ್ಥೆ ಕುಸಿಯಿತು, ನೂರಾರು ವಿಮಾನಗಳು ರದ್ದಾದವು. ಸಿಬ್ಬಂದಿಯ ತರಬೇತಿಗೂ ಪರೀಕ್ಷೆಗೂ ಇಟ್ಟ ಕಾಲ ಸಾಲದಾಗಿತ್ತು. ನಿಮ್ಮಲ್ಲಿ ಇದಕ್ಕೆ ಸಮನಾದದ್ದು ಥಿಯೇಟರಿನ ಗಾಳಿ ಪರೀಕ್ಷೆ, ಆಕ್ಸಿಜನ್ ಲೈನಿನ ಒತ್ತಡ ಮತ್ತು ಅಡ್ಡಸಂಪರ್ಕ ಪರೀಕ್ಷೆ, ಜನರೇಟರಿಗೆ ಪೂರ್ತಿ ಭಾರ ಹಾಕಿ ನೋಡುವುದು, ಅಗ್ನಿಶಾಮಕ ಇಲಾಖೆಯ ತಪಾಸಣೆ, ದಾದಿಯರ ತಾಲೀಮು. ಎಂಟು ವಾರ ಇಡಿ, ಅದರ ಖರ್ಚು ಗುರಿ ವೆಚ್ಚದೊಳಗೇ ಇರಲಿ. ಲಾಭವನ್ನು ಬಿಡುಗಡೆ ಮಾಡುವಾಗ ಸ್ಟ್ರಕ್ಚರ್ ಮುಗಿದಾಗ ಕಾಲು ಭಾಗ, ಸರ್ವಿಸಸ್ ಒಳಜೋಡಣೆ ಮುಗಿದಾಗ 35 ಶೇಕಡಾ, ಉಳಿದ 40 ಶೇಕಡಾ ಈ ಪರೀಕ್ಷೆಗಳೆಲ್ಲ ಪಾಸಾದ ಮೇಲೆ.

ನಿಮ್ಮ ಗುತ್ತಿಗೆದಾರರು ಉಳಿದದ್ದೆಲ್ಲ ಒಪ್ಪಿ ಲೆಕ್ಕ ತೋರಿಸಲು ಮಾತ್ರ ಒಪ್ಪದಿದ್ದರೆ ಬಲವಂತ ಬೇಡ, ಐಪಿಡಿಯ ಹೆಸರನ್ನೂ ಬಿಟ್ಟುಬಿಡಿ. ಮೊದಲ ಮೂರು ತಿಂಗಳ ಕೆಲಸವನ್ನು, ಬೋರ್‌ಹೋಲ್, ಕೋಣೆ ಹಾಳೆಗಳು, ಚಾವಣಿಯೊಳಗಿನ ಮಾದರಿ, ಅಪಾಯದ ಪಟ್ಟಿ, ಇಷ್ಟನ್ನೂ ಮಾಡಿಸಿ. ಡಕ್ಟು ಮತ್ತು ವಿದ್ಯುತ್ ಗುತ್ತಿಗೆದಾರರನ್ನು ಆ ಅವಧಿಗೆ ಸಲಹೆಗಾರರಾಗಿ ಶುಲ್ಕ ಕೊಟ್ಟು ಕೂರಿಸಿ. ಆಮೇಲೆ ಪೂರ್ತಿ ನಕ್ಷೆಯ ಮೇಲೆ ಐಟಂ ರೇಟ್ ಟೆಂಡರ್, ಅಂದರೆ ಪ್ರತಿ ಕೆಲಸಕ್ಕೆ ಬೇರೆ ಬೇರೆ ದರ ಕೇಳುವ ಟೆಂಡರ್, ಕರೆಯಿರಿ. ಅಡಿಪಾಯಕ್ಕೆ ಪೈಲ್ ಇದ್ದರೆ ಇಷ್ಟು, ಇಲ್ಲದಿದ್ದರೆ ಇಷ್ಟು ಎಂದು ಎರಡೂ ರೇಟು ಕೇಳಿ, ಕಬ್ಬಿಣ ಮತ್ತು ಸಿಮೆಂಟಿಗೆ ಬೆಲೆ ಹೊಂದಾಣಿಕೆ ಸೂತ್ರ ಕೊಡಿ. ಅಡಿಪಾಯದ ಕೆಲಸ ಜೂನ್ ಮೊದಲ ವಾರದೊಳಗೆ ನೆಲಮಟ್ಟಕ್ಕೆ ಬರುವಂತೆ ಟೆಂಡರಿನ ತಾರೀಕನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ. ಎರೆಯಲ್ಲಿ ತೆರೆದ ಗುಂಡಿಗೆ ಮುಂಗಾರಿನ ನೀರು ನಿಂತರೆ ಆ ವರ್ಷದ ಕೆಲಸ ದೀಪಾವಳಿಗೇ ಮತ್ತೆ ಶುರು.